ತವರಿಗೆ ಹೊರಡುವ ಮುಂಚೆ ಆ ಫೈಲ್ ಎಲ್ಲಿದೆ ನೋಡಿ: ತಾಯಿಯ ಸೋಂಕು ಮಗುವಿಗೆ ದಾಟದಂತೆ ತಡೆಯುವುದು ಹೇಗೆ?

ನನ್ನ ಮೊದಲ ಹೆರಿಗೆ ತವರಿನಲ್ಲಾಯಿತು. ಏಳು ತಿಂಗಳಿಗೆ ಸೀಮಂತ ಮುಗಿಸಿಕೊಂಡು ಬೆಂಗಳೂರಿನಿಂದ ಬಂದೆ. ಸೀರೆ, ಬಳೆ, ಡಬ್ಬಿ ತುಂಬ ತಿಂಡಿ ಎಲ್ಲವೂ ಜೊತೆಗೆ ಬಂತು. ರಕ್ತದ ರಿಪೋರ್ಟುಗಳಿದ್ದ ಪ್ಲಾಸ್ಟಿಕ್ ಕವರ್ ಮಾತ್ರ ಗಂಡನ ಮನೆಯ ಬೀರುವಿನಲ್ಲಿ, ಕರೆಂಟ್ ಬಿಲ್ಲುಗಳ ಕೆಳಗೆ ಉಳಿದುಬಿಟ್ಟಿತು. ಅದರೊಳಗಿನ ಒಂದು ಹಾಳೆಯಲ್ಲಿ 'ಎಚ್‌ಬಿಎಸ್‌ಎಜಿ: ರಿಯಾಕ್ಟಿವ್' ಅಂತ ಇತ್ತು. ಅಂದರೆ ನನ್ನ ರಕ್ತದಲ್ಲಿ ಲಿವರಿಗೆ ತೊಂದರೆ ಕೊಡುವ ಹೆಪಟೈಟಿಸ್ ಬಿ ವೈರಸ್ ಇದೆ ಎಂದು. ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನೋವು ಶುರುವಾಗಿ ಆಸ್ಪತ್ರೆಗೆ ಹೋದಾಗ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಹಳೇ ರಿಪೋರ್ಟ್ ಎಲ್ಲಮ್ಮಾ?" ಅಂತ. ಇಲ್ಲ ಅಂದೆ. ಮತ್ತೆ ರಕ್ತ ತೆಗೆದರು. ಫಲಿತಾಂಶ ಬರುವ ಹೊತ್ತಿಗೆ ಮಗಳು ಹುಟ್ಟಿ ಎರಡು ಗಂಟೆ ಕಳೆದಿತ್ತು. ಅವಳಿಗೆ ಹಾಕಬೇಕಾದ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಈ ವೈರಸ್ ತಡೆಯುವ ಸಿದ್ಧ ರಕ್ಷಣೆಯ ಚುಚ್ಚುಮದ್ದು, ಅಲ್ಲಿರಲಿಲ್ಲ. ನನ್ನ ತಮ್ಮ ಬೈಕಿನಲ್ಲಿ ಪಟ್ಟಣಕ್ಕೆ ಹೋಗಿ, ಮೂರು ಮೆಡಿಕಲ್ ಶಾಪ್ ಸುತ್ತಿ, ಐಸ್ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಬಾಟಲಿ ಹಿಡಿದುಕೊಂಡು ಬಂದ. ಆಗ ಮಗು ಹುಟ್ಟಿ ಹನ್ನೊಂದು ಗಂಟೆ. ಹನ್ನೆರಡರೊಳಗೆ ಕೊಟ್ಟರೆ ಒಳ್ಳೆಯದು ಅಂತ ಡಾಕ್ಟರ್ ಹೇಳಿದ್ದರು.

ಪರೀಕ್ಷೆ ಇದೆ, ಔಷಧಿ ಇದೆ, ಸರ್ಕಾರಿ ವ್ಯವಸ್ಥೆಯಲ್ಲಿ ಬಹುಪಾಲು ಪುಕ್ಕಟೆಯಾಗಿಯೇ ಇದೆ. ಎಡವುವುದು ನಡುವಿನ ದಾರಿಯಲ್ಲಿ. ಒಂದು ಊರಲ್ಲಿ ಪರೀಕ್ಷೆ, ಇನ್ನೊಂದು ಊರಲ್ಲಿ ಹೆರಿಗೆ, ಮೂರನೇ ಕಡೆ ಮಗುವಿನ ಲಸಿಕೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕಾಯಿಲೆಗಳ ಜೊತೆಗೆ ಕಾಗದಗಳ ಬಗ್ಗೆಯೂ ಜಾಸ್ತಿ ಬರೆದಿದ್ದೇನೆ.

ಮೊದಲು ಇದು ತಿಳಿದಿರಲಿ: ದಾಟುವ ದಾರಿ ಮೂರು

ಒಂದು, ಮಗು ಹೊಟ್ಟೆಯಲ್ಲಿರುವಾಗ ಮಾಸಿನ ಮೂಲಕ. ಲೈಂಗಿಕ ಸಂಪರ್ಕದಿಂದ ಅಂಟುವ ಸಿಫಿಲಿಸ್, ಗಂಧೆ ಏಳಿಸುವ ರುಬೆಲ್ಲಾ, ಬೆಕ್ಕಿನ ಹೇಲು, ಬೇಯದ ಮಾಂಸದಿಂದ ಬರುವ ಟಾಕ್ಸೊಪ್ಲಾಸ್ಮಾ, ಪುಟ್ಟ ಮಕ್ಕಳ ಜೊಲ್ಲಿನಿಂದ ಬರುವ ಸಿಎಂವಿ ವೈರಸ್ ಹೀಗೆ ದಾಟುತ್ತವೆ. ಎರಡು, ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತ ಮತ್ತು ದ್ರವ ತಾಗಿ. ಹೆಪಟೈಟಿಸ್ ಬಿ ಹೆಚ್ಚಾಗಿ ದಾಟುವುದು ಹೀಗೆ, ಜನನಾಂಗದಲ್ಲಿ ಉರಿಯುವ ಗುಳ್ಳೆ ತರುವ ಹರ್ಪಿಸ್ ಕೂಡ. ಮೂರು, ಎದೆಹಾಲಿನ ಮೂಲಕ. ಎಚ್‌ಐವಿಗಂತೂ ಈ ಮೂರೂ ದಾರಿ ಗೊತ್ತು.

ದಾರಿ ಗೊತ್ತಾದರೆ ಔಷಧಿಯ ಹೊತ್ತೂ ಅರ್ಥವಾಗುತ್ತದೆ. ಸಿಫಿಲಿಸ್‌ಗೆ ಹೆರಿಗೆ ತನಕ ಕಾದರೆ ಕೆಟ್ಟಿತು. ಹೆಪಟೈಟಿಸ್ ಬಿ ವಿಷಯದಲ್ಲಿ ಮಗು ಹುಟ್ಟಿದ ಮೊದಲ ದಿನವೇ ನಿರ್ಣಾಯಕ. ಎಚ್‌ಐವಿಯಲ್ಲಿ ಮೊದಲ ತಿಂಗಳಿನಿಂದ ಮಗುವಿಗೆ ಒಂದೂವರೆ ವರ್ಷ ತುಂಬುವ ತನಕ ಎಚ್ಚರ ಬೇಕು.

ಹಂತ 1: ಬಸಿರಿಗೆ ಮುಂಚೆ ರುಬೆಲ್ಲಾ ಲಸಿಕೆ

ರುಬೆಲ್ಲಾ ದೊಡ್ಡವರಿಗೆ ಬಂದರೆ ಎರಡು ಮೂರು ದಿನ ಜ್ವರ, ಮೈಮೇಲೆ ಸಣ್ಣ ಗಂಧೆ, ಅಷ್ಟೇ. ಅದೇ ಮೊದಲ ಮೂರು ತಿಂಗಳ ಬಸುರಿಗೆ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಇದನ್ನು 1941ರಲ್ಲಿ ಮೊದಲು ಗುರುತಿಸಿದವರು ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್. ಕಣ್ಣಿನ ಪೊರೆಯೊಂದಿಗೆ ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬಸುರಿಯಾಗಿದ್ದಾಗ ತಮಗೆ ರುಬೆಲ್ಲಾ ಬಂದಿತ್ತು ಎಂದು ಅಮ್ಮಂದಿರು ಆಡಿದ ಮಾತಿಗೆ ಅವರು ಕಿವಿಗೊಟ್ಟರು. ಆ ಎಳೆ ಹಿಡಿದು ಹೊರಟರು.

ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು, ನೆನಪಿದೆಯಾ? ಶಾಲೆಗಳಲ್ಲಿ ಸಾಲು ನಿಲ್ಲಿಸಿ ಚುಚ್ಚಿದ್ದು. ಅದು 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ. ಆಗಲೇ ಕಾಲೇಜು ಸೇರಿದ್ದ ಹುಡುಗಿಯರು ಅದರ ಹೊರಗೇ ಉಳಿದರು. ನೀವು ಆ ವಯಸ್ಸಿನವರಾಗಿದ್ದು, ಬೇರೆಡೆಯೂ ಲಸಿಕೆ ಆಗಿಲ್ಲದಿದ್ದರೆ ಮಗು ಬೇಕು ಅಂದುಕೊಂಡಾಗಲೇ ಡಾಕ್ಟರ ಹತ್ತಿರ ಕೇಳಿ. ಲಸಿಕೆ ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸಿರು ನಿಲ್ಲದಂತೆ ನೋಡಿಕೊಳ್ಳಬೇಕು. ಬಸುರಿಯಾದ ಮೇಲೆ ಈ ಲಸಿಕೆ ಹಾಕುವುದಿಲ್ಲ.

ಹಂತ 2: ಮೂರು ತಿಂಗಳೊಳಗೆ ಮೂರು ಪರೀಕ್ಷೆ

ಮುಟ್ಟು ನಿಂತು 12 ವಾರದೊಳಗೆ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಮಾಡಿಸಿ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುವವರೂ ತಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಹೇಳಿ ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ.

ಹಿಮೋಗ್ಲೋಬಿನ್, ರಕ್ತದ ಗುಂಪು, ಶುಗರ್ ಜೊತೆಗೆ ಈ ಮೂರು ಆಗಿವೆಯೇ ಅಂತ ನೀವೇ ಬಾಯಿಬಿಟ್ಟು ಕೇಳಿ: ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ. ರಿಪೋರ್ಟಿನಲ್ಲಿ ಸಿಫಿಲಿಸ್ ಅಂತ ಬರೆದಿರದೆ 'ವಿಡಿಆರ್‌ಎಲ್' ಅಥವಾ 'ಆರ್‌ಪಿಆರ್' ಅಂತ ಇರಬಹುದು. ಹೆಪಟೈಟಿಸ್ ಬಿ ಎದುರು 'ಎಚ್‌ಬಿಎಸ್‌ಎಜಿ' ಅಂತ ಇರುತ್ತದೆ. 'ನಾನ್ ರಿಯಾಕ್ಟಿವ್' ಅಂದರೆ ಸೋಂಕು ಕಂಡಿಲ್ಲ. 'ರಿಯಾಕ್ಟಿವ್' ಅಂದರೆ ಮುಂದಿನ ಹೆಜ್ಜೆ ಇದೆ. ಅಷ್ಟಕ್ಕೇ ತಲೆ ಮೇಲೆ ಆಕಾಶ ಬಿತ್ತು ಅಂದುಕೊಳ್ಳಬೇಡಿ. ಎಚ್‌ಐವಿಯನ್ನು ಒಂದೇ ಕಿಟ್ ನೋಡಿ ತೀರ್ಮಾನಿಸುವುದಿಲ್ಲ. ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಐಸಿಟಿಸಿ ಕೇಂದ್ರದಲ್ಲಿ ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಸಲ ನೋಡಿಯೇ ಹೇಳುತ್ತಾರೆ. ವಿಡಿಆರ್‌ಎಲ್ ಕೂಡ ಕೆಲವೊಮ್ಮೆ ಸುಳ್ಳು ಪಾಸಿಟಿವ್ ತೋರಿಸುತ್ತದೆ. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು.

ಗಂಡನನ್ನೂ ಅದೇ ದಿನ ಪರೀಕ್ಷೆ ಮಾಡಿಸಿ. "ನನಗ್ಯಾಕೆ, ಬಸುರಿ ಅವಳು" ಅನ್ನುವ ಗಂಡಂದಿರು ಬೇಕಾದಷ್ಟು. ಹೆಂಡತಿ ಈಗ ನೆಗೆಟಿವ್, ಗಂಡ ಪಾಸಿಟಿವ್ ಆಗಿದ್ದರೆ ಎಂಟನೇ ತಿಂಗಳ ಹೊತ್ತಿಗೆ ಹೆಂಡತಿಗೂ ಬಂದಿರಬಹುದು. ಬಸುರಿಯಾಗಿದ್ದಾಗ ಹೊಸದಾಗಿ ಅಂಟಿದ ಎಚ್‌ಐವಿ ಮಗುವಿಗೆ ದಾಟುವ ಅಪಾಯ ಇನ್ನೂ ಜಾಸ್ತಿ. ಅನುಮಾನವಿದ್ದರೆ ಕೊನೆಯ ಮೂರು ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಹಂತ 3: ಹೆಪಟೈಟಿಸ್ ಬಿ ಬಂದರೆ

ಇದು ನನ್ನದೇ ಕತೆ. ಹಾಗಾಗಿ ಸ್ವಲ್ಪ ಉದ್ದ.

ಈ ವೈರಸ್ ದೊಡ್ಡವರಿಗೆ ತಗುಲಿದರೆ ಬಹುತೇಕರಲ್ಲಿ ತಾನಾಗಿ ಹೋಗಿಬಿಡುತ್ತದೆ. ಹುಟ್ಟುವಾಗಲೇ ತಗುಲಿದ 10 ಮಕ್ಕಳಲ್ಲಿ 9 ಮಕ್ಕಳ ದೇಹದಲ್ಲಿ ಅದು ಉಳಿದುಬಿಡುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಕೂತು, ಮುಂದೆ ಲಿವರ್ ಗಟ್ಟಿಯಾಗುವುದು, ಲಿವರ್ ಕ್ಯಾನ್ಸರ್ ಆಗುವುದು ಇದೇ ಗುಂಪಿನಲ್ಲಿ. ನನಗೂ ಬಹುಶಃ ನನ್ನ ಅಮ್ಮನಿಂದಲೇ ಬಂದದ್ದು. ಅಮ್ಮನಿಗೆ ಯಾವತ್ತೂ ಕಾಮಾಲೆ ಆಗಿರಲಿಲ್ಲ, ನನಗೂ ಇಲ್ಲ. ಕಣ್ಣು ಹಳದಿಯಾಗಿಲ್ಲ ಅಂದಮಾತ್ರಕ್ಕೆ ವೈರಸ್ ಇಲ್ಲ ಅಂತ ಅಲ್ಲ.

ಪಾಸಿಟಿವ್ ಬಂದರೆ ಡಾಕ್ಟರು ಇನ್ನೆರಡು ವಿಷಯ ನೋಡುತ್ತಾರೆ. ಲಿವರ್ ಹೇಗಿದೆ, ರಕ್ತದಲ್ಲಿ ವೈರಸ್ ಎಷ್ಟಿದೆ. ಒಂದು ಮಿಲಿಲೀಟರಿಗೆ 2 ಲಕ್ಷ ಯೂನಿಟ್‌ಗಿಂತ ಜಾಸ್ತಿ ಇದ್ದರೆ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ದಿನಕ್ಕೊಂದು, ಬಸಿರಿನಲ್ಲಿ ಸುರಕ್ಷಿತ. ವೈರಸ್ ಅಷ್ಟು ಹೆಚ್ಚಿದ್ದರೆ ಹುಟ್ಟಿದ ದಿನದ ಲಸಿಕೆಯೊಂದೇ ಕೆಲವೊಮ್ಮೆ ಸಾಲುವುದಿಲ್ಲ, ಅದಕ್ಕೇ ಈ ಮಾತ್ರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೆರಿಗೆಯಾದ ಮೇಲೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಿದಾಗ ಲಿವರ್ ಕೆರಳುವುದುಂಟು.

ಈಗ ಮಗುವಿನ ಲೆಕ್ಕ. ಹುಟ್ಟಿದ ಕೂಡಲೇ, ತಡ ಅಂದರೆ 24 ಗಂಟೆಯೊಳಗೆ, ಎರಡು ಚುಚ್ಚುಮದ್ದು. ಒಂದು ತೊಡೆಗೆ ಹೆಪಟೈಟಿಸ್ ಬಿ ಲಸಿಕೆ. ಇನ್ನೊಂದು ತೊಡೆಗೆ ಇಮ್ಯುನೊಗ್ಲೋಬ್ಯುಲಿನ್, ಸಾಧ್ಯವಾದರೆ 12 ಗಂಟೆಯೊಳಗೆ. ಎರಡನ್ನೂ ಒಂದೇ ಕಡೆ ಚುಚ್ಚಬಾರದು. ಲಸಿಕೆ ಮಗುವಿನ ದೇಹಕ್ಕೆ ಪಾಠ ಹೇಳಿಕೊಡುತ್ತದೆ, ಪಾಠ ಕಲಿಯಲು ಸಮಯ ಬೇಕು. ಇಮ್ಯುನೊಗ್ಲೋಬ್ಯುಲಿನ್ ಅಂದರೆ ಬೇರೆಯವರ ದೇಹದಲ್ಲಿ ತಯಾರಾದ ರಕ್ಷಣೆ. ಮಗು ತಾನೇ ಕಲಿಯುವ ತನಕ ಕಾವಲಿಗೆ ನಿಲ್ಲುತ್ತದೆ.

ಲಸಿಕೆ ಸಾಮಾನ್ಯವಾಗಿ ಹೆರಿಗೆ ಆಸ್ಪತ್ರೆಗಳಲ್ಲಿ ಇರುತ್ತದೆ. ಇಮ್ಯುನೊಗ್ಲೋಬ್ಯುಲಿನ್ ಹಾಗಲ್ಲ. ಎಂಟನೇ ತಿಂಗಳಲ್ಲೇ ಹೆರಿಗೆ ಆಗುವ ಆಸ್ಪತ್ರೆಗೆ ಹೋಗಿ "ನಾನು ಎಚ್‌ಬಿಎಸ್‌ಎಜಿ ಪಾಸಿಟಿವ್, ಮಗುವಿಗೆ ಇಮ್ಯುನೊಗ್ಲೋಬ್ಯುಲಿನ್ ನಿಮ್ಮಲ್ಲಿದೆಯಾ, ಇಲ್ಲದಿದ್ದರೆ ಎಲ್ಲಿಂದ ತರಿಸಬೇಕು" ಅಂತ ಕೇಳಿ. ಮೊದಲೇ ಕೊಂಡುಕೊಂಡರೆ ಅದು 2ರಿಂದ 8 ಡಿಗ್ರಿಯಲ್ಲಿರಬೇಕು, ಅಂದರೆ ಫ್ರಿಡ್ಜಿನ ಒಳಗೆ. ಫ್ರೀಜರಿನಲ್ಲಲ್ಲ, ಬಾಗಿಲಿನ ಹಾಲಿನ ಜಾಗದಲ್ಲೂ ಅಲ್ಲ. ಕರೆಂಟ್ ಹೋಗಿ ಬರುವ ಊರಾದರೆ ಮನೆಗಿಂತ ಆಸ್ಪತ್ರೆಯ ಫ್ರಿಡ್ಜೇ ವಾಸಿ.

ಎದೆಹಾಲು ಕೊಡಬಹುದು, ಕೊಡಲೇಬೇಕು. ಹೆಪಟೈಟಿಸ್ ಬಿ ಇದೆ ಅಂತ ಸಿಸೇರಿಯನ್ ಮಾಡಿಸುವ ಅಗತ್ಯವೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಹರಡುವುದಿಲ್ಲ. ಬ್ಲೇಡ್, ಟೂತ್‌ಬ್ರಷ್, ಉಗುರು ಕತ್ತರಿ ಮಾತ್ರ ಬೇರೆ ಇರಲಿ. ಗಂಡ, ದೊಡ್ಡ ಮಗು, ಒಡಹುಟ್ಟಿದವರು ಪರೀಕ್ಷೆ ಮಾಡಿಸಲಿ. ನೆಗೆಟಿವ್ ಇದ್ದವರು 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಲಸಿಕೆ ಹಾಕಿಸಿಕೊಳ್ಳಲಿ.

ಹಂತ 4: ಸಿಫಿಲಿಸ್ ಬಂದರೆ

ಈ ಮೂರರಲ್ಲಿ ಪೂರ್ತಿ ಗುಣವಾಗುವ ಕಾಯಿಲೆ ಇದೊಂದೇ. ವಿಚಿತ್ರ ಅಂದರೆ ನಾಚಿಕೆಯಿಂದ ಮುಚ್ಚಿಡುವುದೂ ಇದನ್ನೇ ಜಾಸ್ತಿ. ಔಷಧಿ ಕೊಡದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಬಸಿರುಗಳಲ್ಲಿ ತೊಂದರೆ: ಮಗು ಹೊಟ್ಟೆಯಲ್ಲೇ ಸಾಯುವುದು, ದಿನ ತುಂಬುವ ಮೊದಲೇ ಹುಟ್ಟುವುದು, ಸೋಂಕಿನೊಂದಿಗೆ ಹುಟ್ಟುವುದು.

ಔಷಧಿ ಹಳೆಯದು, ಅಗ್ಗದ್ದು. ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಸೊಂಟದ ಕೆಳಗೆ ಎರಡೂ ಬದಿಗೆ ಹಂಚಿ ಚುಚ್ಚುತ್ತಾರೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಸೋಂಕು ಯಾವಾಗ ಬಂತು ಅಂತ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ವಾರ. ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಮುಗಿದಿರಬೇಕು, ಇಲ್ಲದಿದ್ದರೆ ಮಗುವಿಗೂ ಔಷಧಿ ಬೇಕಾಗಬಹುದು. ಪೆನಿಸಿಲಿನ್ ಒಗ್ಗದವರಿಗೆ ಅಜಿಥ್ರೊಮೈಸಿನ್ ಥರದ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು. ಅದು ಮಾಸು ದಾಟಿ ಮಗುವಿಗೆ ಸರಿಯಾಗಿ ತಲುಪುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಪೆನಿಸಿಲಿನ್‌ಗೇ ದೇಹವನ್ನು ನಿಧಾನವಾಗಿ ಒಗ್ಗಿಸಿ ಕೊಡುತ್ತಾರೆ.

ಗಂಡನಿಗೂ ಇಂಜೆಕ್ಷನ್ ಆಗಬೇಕು. ಇಲ್ಲದಿದ್ದರೆ ವಾಸಿಯಾದವಳಿಗೆ ಮತ್ತೆ ಅಂಟುತ್ತದೆ. ಇಂಜೆಕ್ಷನ್ ಕೊಟ್ಟ ತಾರೀಕುಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಕ್ಕಳ ಡಾಕ್ಟರು ಮೊದಲು ಹುಡುಕುವುದು ಅದನ್ನೇ.

ಹಂತ 5: ಎಚ್‌ಐವಿ ಬಂದರೆ

ಔಷಧಿ ಇಲ್ಲದೆ ಬಿಟ್ಟರೆ 100ಕ್ಕೆ 15ರಿಂದ 45 ಮಕ್ಕಳಿಗೆ ದಾಟುತ್ತದೆ. ಸರಿಯಾಗಿ ಔಷಧಿ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಥಾಯ್ಲೆಂಡ್ 2016ರಲ್ಲೇ, ನಮ್ಮ ಪಕ್ಕದ ಶ್ರೀಲಂಕಾ 2019ರಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ದಾಟುವುದನ್ನು ನಿವಾರಿಸಿದ್ದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದವು. ಅವರ ಹತ್ತಿರ ಬೇರೆ ಮದ್ದೇನೂ ಇರಲಿಲ್ಲ. ಎಲ್ಲ ಬಸುರಿಯರನ್ನೂ ತಲುಪಿದರು, ಅಷ್ಟೇ.

ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಸರ್ಕಾರಿ ಕೇಂದ್ರದಲ್ಲಿ, ಮಾತ್ರೆ ಉಚಿತ. ಸಾಮಾನ್ಯವಾಗಿ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ, ಜೀವನಪೂರ್ತಿ. ಗೊತ್ತಾದ ದಿನದಿಂದಲೇ ಶುರು ಮಾಡುವುದು ಒಳ್ಳೆಯದು. ಎಂಟನೇ ತಿಂಗಳ ಆಸುಪಾಸಿನಲ್ಲಿ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುತ್ತಾರೆ. ಮಗುವಿಗೆ ಹುಟ್ಟಿದ ಮೇಲೆ ನೆವಿರಾಪಿನ್ ಸಿರಪ್, ಕನಿಷ್ಠ 6 ವಾರ. ಅಪಾಯ ಜಾಸ್ತಿ ಇದ್ದರೆ ಇನ್ನೊಂದು ಔಷಧಿ ಸೇರಿಸುತ್ತಾರೆ. ಆರನೇ ವಾರದಲ್ಲಿ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಹಿಡಿದು, ಒಣಗಿಸಿ, ಲ್ಯಾಬಿಗೆ ಕಳಿಸುತ್ತಾರೆ. ಆಮೇಲೆ 6 ತಿಂಗಳಿಗೆ, 12 ತಿಂಗಳಿಗೆ, ಕೊನೆಯದು 18 ತಿಂಗಳಿಗೆ. ಅಲ್ಲಿಯ ತನಕ ಯಾಕೆ ಅಂದರೆ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಅಷ್ಟು ದಿನ ಇರಬಹುದು. ಅದಕ್ಕೇ ಮಾಮೂಲಿ ಪರೀಕ್ಷೆಯಲ್ಲಿ ಸೋಂಕಿಲ್ಲದ ಮಗುವೂ ಪಾಸಿಟಿವ್ ಅಂತ ತೋರಿಸೀತು.

ಹಾಲಿನ ವಿಷಯದಲ್ಲಿ ನಮ್ಮ ಅಜ್ಜಿಯರ ಜೊತೆ ಸ್ವಲ್ಪ ಜಗಳ ಆಡಬೇಕಾಗುತ್ತದೆ. ತಾಯಿ ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದರೆ ಎದೆಹಾಲು ಕೊಡಬಹುದು. ಆದರೆ ಮೊದಲ ಆರು ತಿಂಗಳು ಬರೀ ಎದೆಹಾಲು. ಒಂದು ಹೊತ್ತು ಎದೆಹಾಲು, ಇನ್ನೊಂದು ಹೊತ್ತು ಡಬ್ಬಿ ಹಾಲು ಅಂತ ಬೆರೆಸುವಂತಿಲ್ಲ. ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಸಕ್ಕರೆ ನೀರು, ಯಾವುದೂ ಬೇಡ. ಅವು ಎಳೆ ಕರುಳಿನ ಒಳಪದರವನ್ನು ಕೆರಳಿಸಿ ವೈರಸ್ಸಿಗೆ ಬಾಗಿಲು ತೆಗೆದುಕೊಡುತ್ತವೆ. ಕಾರಣ ಎಲ್ಲರಿಗೂ ಹೇಳಬೇಕಿಲ್ಲ. "ಡಾಕ್ಟರ್ ಬೇಡ ಅಂದಿದ್ದಾರೆ ಅಜ್ಜಿ" ಅಂದರೆ ಸಾಕು.

ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಪಾಸಿಟಿವ್ ಅಂತ ಹೆರಿಗೆ ಮಾಡಿಸದೆ ವಾಪಸ್ ಕಳಿಸುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದನ್ನೇ ಹೇಳುತ್ತದೆ. ಯಾರ ಹತ್ತಿರವೂ ಮಾತಾಡಲು ಆಗದಿದ್ದರೆ 1097ಕ್ಕೆ ಫೋನ್ ಮಾಡಿ, ಉಚಿತ.

ಹಂತ 6: ಒಂಬತ್ತು ತಿಂಗಳ ಸಣ್ಣಪುಟ್ಟ ಎಚ್ಚರ

ಮನೆಯಲ್ಲಿ ಯಾರಿಗಾದರೂ 'ಅಮ್ಮ' ಎದ್ದರೆ, ಅಂದರೆ ಚಿಕನ್‌ಪಾಕ್ಸ್ ಬಂದರೆ, ನಿಮಗೆ ಚಿಕ್ಕಂದಿನಲ್ಲಿ ಬಂದಿತ್ತೇ ಅಂತ ಅಮ್ಮನನ್ನು ಕೇಳಿ. ಬಂದಿದ್ದರೆ ಚಿಂತೆ ಇಲ್ಲ. ಬಂದಿಲ್ಲದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಿಮಗೇ ಗುಳ್ಳೆ ಎದ್ದಿದ್ದರೆ ಬೇರೆ ಬಸುರಿಯರ ನಡುವೆ ಹೋಗಿ ಕೂರಬೇಡಿ, ಮೊದಲೇ ತಿಳಿಸಿ ಹೋಗಿ. ಬೇವಿನ ಸೊಪ್ಪು ಹಾಸಿಕೊಳ್ಳಿ, ಬೇಡ ಅನ್ನುವುದಿಲ್ಲ, ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ತೆಗೆದುಕೊಳ್ಳಿ. ಹೆರಿಗೆಗೆ ಐದು ದಿನ ಮುಂಚಿನಿಂದ ಎರಡು ದಿನ ನಂತರದ ತನಕ ತಾಯಿಗೆ ಗುಳ್ಳೆ ಎದ್ದರೆ ಮಗುವಿಗೆ ತುಂಬ ಅಪಾಯ.

ಬೆಕ್ಕು ಸಾಕಿದ್ದರೆ ಓಡಿಸಬೇಕಿಲ್ಲ. ಅದರ ಹೇಲು ಬಾಚುವ ಕೆಲಸ ಬೇರೆಯವರಿಗೆ ಕೊಡಿ. ಮಣ್ಣಲ್ಲಿ ಕೆಲಸ ಮಾಡಿದರೆ ಕೈ ತೊಳೆಯಿರಿ. ಸೊಪ್ಪು ಚೆನ್ನಾಗಿ ತೊಳೆಯಿರಿ, ಮಾಂಸ ಪೂರ್ತಿ ಬೇಯಿಸಿ. ಇದು ಟಾಕ್ಸೊಪ್ಲಾಸ್ಮಾಕ್ಕೆ. ಸಿಎಂವಿ ಬರುವುದು ಹೆಚ್ಚಾಗಿ ಪುಟ್ಟ ಮಕ್ಕಳ ಜೊಲ್ಲು, ಉಚ್ಚೆಯಿಂದ. ದೊಡ್ಡ ಮಗು ತಿಂದು ಬಿಟ್ಟ ಅನ್ನವನ್ನು "ಯಾಕೆ ಹಾಳು ಮಾಡೋದು" ಅಂತ ತಿನ್ನುವ ಅಭ್ಯಾಸ ನಮಗೆಲ್ಲ ಇದೆ. ಈ ಒಂಬತ್ತು ತಿಂಗಳು ಬಿಡಿ.

ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ, ಹರ್ಪಿಸ್ ಎಲ್ಲವನ್ನೂ ಒಟ್ಟಿಗೆ ನೋಡುವ 'ಟಾರ್ಚ್' ಎಂಬ ದುಬಾರಿ ಪರೀಕ್ಷೆಯ ಬಗ್ಗೆ ಒಂದು ಮಾತು. ಎಲ್ಲ ಬಸುರಿಯರಿಗೂ ಅದು ಬೇಕಿಲ್ಲ. ಅದರಲ್ಲಿ 'ಐಜಿಜಿ ಪಾಸಿಟಿವ್' ಅಂತ ಬಂದರೆ ಎಂದೋ ಒಮ್ಮೆ ಸೋಂಕು ಬಂದು ಹೋಗಿತ್ತು, ಅಥವಾ ರುಬೆಲ್ಲಾ ಆಗಿದ್ದರೆ ಲಸಿಕೆ ಆಗಿತ್ತು, ಅಂತ ಅರ್ಥ. ಅದೊಂದನ್ನೇ ನೋಡಿ ಹೆದರಿ ಸುಮ್ನೆ ಮಾತ್ರೆ ನುಂಗಿದ ಗೆಳತಿಯರು ನನಗೇ ಗೊತ್ತು.

ಹಂತ 7: ತವರಿಗೆ ಹೊರಡುವ ದಿನ

ತಾಯಿ ಕಾರ್ಡ್, ಎಲ್ಲ ರಕ್ತದ ರಿಪೋರ್ಟ್, ಸ್ಕ್ಯಾನ್, ನಡೆಯುತ್ತಿರುವ ಮಾತ್ರೆಯ ಚೀಟಿ ಒಂದೇ ಕವರಿನಲ್ಲಿರಲಿ, ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿ. ಪ್ರತಿ ಹಾಳೆಯ ಫೋಟೊ ನಿಮ್ಮ ಫೋನಿನಲ್ಲೂ ಗಂಡನ ಫೋನಿನಲ್ಲೂ ಇರಲಿ. ಎರಡು ತಿಂಗಳಿಗೆ ಸಾಲುವಷ್ಟು ಮಾತ್ರೆ ಸಿಗದಿದ್ದರೆ, ತವರಿನ ಹತ್ತಿರದ ಕೇಂದ್ರಕ್ಕೆ ವರ್ಗಾವಣೆ ಚೀಟಿ ಕೇಳಿ. ಹೋದ ವಾರದಲ್ಲೇ ಅಲ್ಲಿಯ ಆಶಾ ಕಾರ್ಯಕರ್ತೆಯನ್ನು ಕಂಡು ಹೆಸರು ಹೇಳಿ. ಹೆರಿಗೆ ಆಗುವ ಆಸ್ಪತ್ರೆಗೆ ಒಮ್ಮೆ ಹೋಗಿ ರಿಪೋರ್ಟ್ ತೋರಿಸಿ ಬನ್ನಿ. ನೋವು ಬಂದ ಮೇಲೆ ಇದನ್ನೆಲ್ಲ ಹೇಳಲು ಯಾರಿಗೆ ಉಸಿರಿರುತ್ತದೆ?

ಹಂತ 8: ಹೆರಿಗೆಯ ಹೊತ್ತು

ನೀರು ಒಡೆದರೆ ನೋವು ಬರಲಿ ಅಂತ ಮನೆಯಲ್ಲಿ ಕಾಯಬೇಡಿ. ಒಡೆದ ಗಂಟೆಯನ್ನು ಬರೆದಿಟ್ಟುಕೊಂಡು ಹೊರಡಿ. 18 ಗಂಟೆ ದಾಟಿದರೆ, ತಾಯಿಗೆ ಜ್ವರ ಬಂದರೆ, ನೀರು ವಾಸನೆ ಬಂದರೆ ಮಗುವಿಗೆ ಬ್ಯಾಕ್ಟೀರಿಯಾ ಸೋಂಕಿನ ಭಯ ಇರುತ್ತದೆ. ಆಗ ತಾಯಿಗೆ ಆಂಟಿಬಯಾಟಿಕ್ ಕೊಡುತ್ತಾರೆ. ಜನನಾಂಗದ ಹತ್ತಿರ ಉರಿಯುವ ಗುಳ್ಳೆಗಳಿದ್ದರೆ ನಾಚಿಕೊಳ್ಳದೆ ಹೇಳಿ. ಅದು ಹರ್ಪಿಸ್ ಆಗಿದ್ದರೆ ಸಿಸೇರಿಯನ್ ಮಾಡುವುದು ಮಗುವಿಗೆ ಕ್ಷೇಮ.

ಹಂತ 9: ಮಗು ಮನೆಗೆ ಬಂದ ಮೇಲೆ

ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಏನೂ ಹಚ್ಚಬೇಡಿ, ಒಣಗಿರಲಿ ಬಿಡಿ. ಮಗು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ದೃಷ್ಟಿ ತೆಗೆಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಹೆಪಟೈಟಿಸ್ ಬಿ ಇರುವ ತಾಯಂದಿರಿಗೆ ಕೆಲಸ ಇನ್ನೂ ಇದೆ. 6, 10, 14ನೇ ವಾರದ ಪೆಂಟಾ ಲಸಿಕೆಯಲ್ಲೇ ಹೆಪಟೈಟಿಸ್ ಬಿ ಕೂಡ ಸೇರಿದೆ, ಒಂದನ್ನೂ ತಪ್ಪಿಸಬೇಡಿ. 9ರಿಂದ 12 ತಿಂಗಳ ನಡುವೆ ಮಗುವಿನ ರಕ್ತದಲ್ಲಿ ಎರಡು ವಿಷಯ ನೋಡಿಸಿ: ವೈರಸ್ ಇದೆಯೇ, ರಕ್ಷಣೆ ಬಂದಿದೆಯೇ. ಅದಕ್ಕಿಂತ ಮುಂಚೆ ಮಾಡಿಸಿದರೆ ಹುಟ್ಟಿದಾಗ ಕೊಟ್ಟ ಇಮ್ಯುನೊಗ್ಲೋಬ್ಯುಲಿನ್ ಲೆಕ್ಕ ತಪ್ಪಿಸುತ್ತದೆ. ಈ ಪರೀಕ್ಷೆಯನ್ನು ಯಾರೂ ನೆನಪಿಸುವುದಿಲ್ಲ. ನಾನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಟ್ಟಿದ್ದೆ.

ಮಗಳಿಗೆ ಹತ್ತನೇ ತಿಂಗಳಲ್ಲಿ ಮಾಡಿಸಿದೆ. ವೈರಸ್ ಇಲ್ಲ, ರಕ್ಷಣೆ ಬಂದಿದೆ. ರಿಪೋರ್ಟನ್ನು ತಮ್ಮನಿಗೆ ವಾಟ್ಸಾಪ್ ಮಾಡಿದರೆ ಅವನು ತಿರುಗಿ ಕಳಿಸಿದ್ದು ಆ ಥರ್ಮೋಕೋಲ್ ಡಬ್ಬಿಯ ಫೋಟೊ. ಅಮ್ಮ ಅದರಲ್ಲಿ ಈಗ ಕೊತ್ತಂಬರಿ ಬೆಳೆಸುತ್ತಿದ್ದಾಳೆ.